ಶೆಡ್ಡಿನ ಲೇತು ಕಂಡದ್ದು

ನಾನು ಒಂದು ಲೇತ್ ಮಷೀನು. ಕಬ್ಬಿಣದ ತುಂಡನ್ನು ಬಾಯಲ್ಲಿ ಕಚ್ಚಿ ಹಿಡಿದು ಗರಗರನೆ ತಿರುಗಿಸುವುದು ನನ್ನ ಕೆಲಸ. ಎದುರಿಗೆ ಉಳಿ ಹಿಡಿದರೆ ತುಂಡಿನ ಮೈ ಸುರುಳಿ ಸುರುಳಿಯಾಗಿ ಸುಲಿದು ಬರುತ್ತದೆ. ಬೇಕಾದ ಅಳತೆಗೆ ಬಂದ ಕೂಡಲೇ ನಿಲ್ಲಿಸಬೇಕು. ಆದರೆ ನಿಲ್ಲಿಸುವುದು ನನ್ನ ಕೈಯಲ್ಲಿಲ್ಲ, ಸ್ವಿಚ್ಚಿನ ಹತ್ತಿರ ನಿಂತವರ ಕೈಯಲ್ಲಿದೆ.

ನಾನು ಹುಟ್ಟಿದ್ದು ಹರಿಹರದ ಕಡೆಯ ಒಂದು ಎರಕದ ಮನೆಯಲ್ಲಿ. ಮರಳಿನ ಅಚ್ಚಿಗೆ ಕರಗಿದ ಬೀಡು ಕಬ್ಬಿಣ ಹೊಯ್ದು, ತಣ್ಣಗಾದ ಮೇಲೆ ಉಜ್ಜಿ, ಬೂದು ಬಣ್ಣ ಬಳಿದು ನನ್ನನ್ನು ಲಾರಿಗೆ ಹತ್ತಿಸಿದರು. ಗುಂಡ್ಲುಪೇಟೆಯಲ್ಲಿ ಪಂಪ್‌ಸೆಟ್ ರಿಪೇರಿ ಮಾಡುತ್ತಿದ್ದ ಮೌನೇಶಾಚಾರ್ ನನ್ನ ಮೊದಲ ಯಜಮಾನರು. ಒಳ್ಳೆಯ ಕೈ. ನನಗೆ ಎಣ್ಣೆ ಬಿಡದೆ ಅವರು ಕಾಫಿ ಕುಡಿಯುತ್ತಿರಲಿಲ್ಲ. ಅವರ ಕಣ್ಣಿಗೆ ಪೊರೆ ಬಂದು ಅಂಗಡಿ ಮುಚ್ಚಿದ ಮೇಲೆ ನನ್ನನ್ನು ಹಿತ್ತಲಿನ ತಗಡಿನ ಕೆಳಗೆ ತಳ್ಳಿದರು. ತುಕ್ಕು ಮೊದಲು ನನ್ನ ಹಿಡಿಗಳಿಗೆ ಹತ್ತಿತು, ಆಮೇಲೆ ಮೈಗೆಲ್ಲ ಹರಡಿತು. ಒಂದು ಕೋಳಿ ಸುರುಳಿಗಳು ಬೀಳುವ ನನ್ನ ತಟ್ಟೆಯಲ್ಲಿ ಕಾವಿಗೆ ಕೂತು ಮರಿ ಮಾಡಿಕೊಂಡು ಹೋಯಿತು.

ಅಲ್ಲಿಂದ ನನ್ನನ್ನು ಎತ್ತಿಕೊಂಡು ಬಂದವರು ಮೈಸೂರಿನ ವೃಷಭೇಂದ್ರ ಮತ್ತು ಅವರ ಹೆಂಡತಿ ಸುಗುಣ. ವೃಷಭೇಂದ್ರ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವ ಮೇಷ್ಟ್ರು. ಸುಗುಣ ಮನೆಯಲ್ಲೇ ಹೊಲಿಗೆ ಕಲಿಸುತ್ತಿದ್ದರು. ಇಬ್ಬರಿಗೂ ಕಬ್ಬಿಣದ ವಿದ್ಯೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಭಾನುವಾರ ಭಾನುವಾರ ಕೂತು ಕಲಿಯುವುದೇ ಅವರ ಸಂತೋಷವಾಗಿತ್ತು. ಹಿತ್ತಲಿನ ಶೆಡ್ಡಿನಲ್ಲಿ ಆಗಲೇ ಒಂದು ಹಳೆಯ ಕಾರು ಇಟ್ಟಿಗೆಗಳ ಮೇಲೆ ನಿಂತಿತ್ತು. ಅದರ ಬಿಡಿಭಾಗ ಎಲ್ಲಿಯೂ ಸಿಗದೆ, ಬೇಕಾದದ್ದನ್ನು ತಾವೇ ಮಾಡಿಕೊಳ್ಳೋಣ ಎಂದು ನನ್ನನ್ನು ತಂದಿದ್ದರು.

ಮೊದಲು ನನ್ನ ಸೇವೆ ನಡೆಯಿತು. ಸುಗುಣ ಸೀಮೆಎಣ್ಣೆಯಲ್ಲಿ ಅದ್ದಿದ ಹಳೆಯ ಸೀರೆಯ ತುಂಡಿನಿಂದ ನನ್ನ ಒಂದೊಂದು ಹಲ್ಲನ್ನೂ ಉಜ್ಜಿದರು. ಕೊನೆಗೆ ಹೊಸ ಮೋಟಾರು ಕೂರಿಸಿ ಸ್ವಿಚ್ಚು ಹಾಕಿದಾಗ ನಾನು ತಿರುಗಿದೆ. ಅವರ ಪುಟ್ಟ ಮಗಳು ಮೇದಿನಿ ಹೆದರಿ ಅಮ್ಮನ ಸೊಂಟ ತಬ್ಬಿಕೊಂಡಳು.

"ಸೆರಗು ಸಿಕ್ಕಿಸ್ಕೊಂಡು ನಿಂತ್ಕೋ ಸುಗುಣ, ಎಳ್ಕೊಂಡುಬಿಡುತ್ತೆ" ಅಂದರು ವೃಷಭೇಂದ್ರ.

"ಇದಕ್ಕಿಂತ ನೀವೇ ಜಾಸ್ತಿ ಭಯ ಪಡಿಸ್ತೀರಿ ಕಣ್ರೀ."

ಕಾರಿನ ಸೀಟಿಗೆ ಆಕೆಯೇ ರೆಕ್ಸಿನ್ ಹೊಲಿದರು. ಬಣ್ಣದ ಅಂಗಡಿಗೆ ಒಂದು ಎಳೆ ವೀಳ್ಯದೆಲೆ ತೆಗೆದುಕೊಂಡು ಹೋಗಿ, ಇದೇ ಹಸಿರು ಬೇಕು ಎಂದು ಹಟ ಹಿಡಿದು ಕಲಸಿಸಿಕೊಂಡು ಬಂದರು. ಸ್ಟೀರಿಂಗಿನ ಒಂದು ಪಿನ್ನು ಸವೆದುಹೋಗಿತ್ತು. ಬೆರಳುದ್ದದ ಆ ತುಂಡಿನ ಮೇಲೆ ಚಕ್ರ ಎಡಕ್ಕೂ ಬಲಕ್ಕೂ ಹೊರಳಬೇಕು. ಅದನ್ನು ವೃಷಭೇಂದ್ರ ನನ್ನ ಮೇಲೆ ಕಡೆದರು. ಎಷ್ಟೋ ತುಂಡು ಹಾಳಾದ ಮೇಲೆ ಒಂದು ಸರಿಯಾಗಿ ಬಂತು. ಅದನ್ನು ಅಂಗೈಯಲ್ಲಿಟ್ಟು ಅವರು ಹೆಂಡತಿಗೆ ತೋರಿಸಿದಾಗ ನನಗೂ ಹೆಮ್ಮೆಯಾಯಿತು.

ಕಾರು ಓಡಿತು. ಸ್ವಲ್ಪ ದಿನ ಊರೊಳಗೇ ಓಡಿಸಿ ನೋಡಿದರು. ಆಮೇಲೆ ಒಂದು ಬೆಳಗ್ಗೆ ಗಂಡ ಹೆಂಡತಿ ಬುತ್ತಿ ಕಟ್ಟಿಕೊಂಡು ನಂಜನಗೂಡಿನ ರಸ್ತೆ ಹಿಡಿದರು. ಮೇದಿನಿಗೆ ಜ್ವರ ಇದ್ದುದರಿಂದ ಅವಳನ್ನು ಪಕ್ಕದ ಮನೆಯಲ್ಲಿ ಬಿಟ್ಟಿದ್ದರು.

ಕಾರು ವಾಪಸ್ಸು ಬಂದದ್ದು ಲಾರಿಯ ಮೇಲೆ. ಕಬ್ಬಿನ ಗದ್ದೆಯಿಂದ ಒಂದು ಟ್ರ್ಯಾಕ್ಟರು ಇದ್ದಕ್ಕಿದ್ದಂತೆ ರಸ್ತೆಗೆ ಏರಿತ್ತಂತೆ. ಕಾರಿನ ಎಡಗಡೆ ಪೂರ್ತಿ ಒಳಗೆ ಹೋಗಿತ್ತು. ಸುಗುಣ ಕೂತಿದ್ದದ್ದು ಎಡಗಡೆ. ವೃಷಭೇಂದ್ರರ ಹುಬ್ಬಿನ ಮೇಲೆ ಒಂದು ಗಾಯ, ಅಷ್ಟೇ.

ತಿಥಿ ಕಾರ್ಯಗಳೆಲ್ಲ ಮುಗಿದ ಮೇಲೆ ಸುಗುಣರ ತಮ್ಮ ಪಂಚಾಕ್ಷರಿ ಶೆಡ್ಡಿಗೆ ಬಂದ.

"ಭಾವ, ಇದನ್ನ ಗುಜರಿಗೆ ಹಾಕಿಬಿಡೋಣ. ಮಗು ಕಣ್ಣೆದುರಿಗೆ ಯಾಕೆ ಇದು?"

ವೃಷಭೇಂದ್ರ ನೆಲದಲ್ಲಿ ಕೂತು ಕಾರಿನ ಮುಂಚಕ್ರ ಬಿಚ್ಚುತ್ತಿದ್ದರು. "ನಾನು ತಿರುಗಿಸಿದೆ ಪಂಚಾಕ್ಷರಿ. ಅದು ತಿರುಗಲಿಲ್ಲ" ಅಂದರು.

"ಎದುರಿಗೆ ಬಂದವನ ತಪ್ಪು ಅಂತ ಎಲ್ಲರೂ ಹೇಳ್ತಿದ್ದಾರೆ."

"ಪಿನ್ನು ನಾನು ಮಾಡಿದ್ದು."

ಪಿನ್ನು ಹೊರಗೆ ಬಂತು. ಬಾಗಿತ್ತು. ಏಟಿಗೆ ಮೊದಲೇ ಬಾಗಿತ್ತೋ, ಏಟಿನಿಂದ ಬಾಗಿತೋ, ನೋಡಿದ ಯಾವ ಮೆಕ್ಯಾನಿಕ್ಕೂ ಹೇಳಲಿಲ್ಲ. ಅದನ್ನು ತಿರುಗಿಸಿ ಕೊಟ್ಟವನು ನಾನು. ನನಗೂ ಗೊತ್ತಿಲ್ಲ. ಇದೊಂದು ಮಾತು ಗೊತ್ತಿದ್ದಿದ್ದರೆ ಆ ಮನುಷ್ಯ ಅತ್ತು ಹಗುರಾಗುತ್ತಿದ್ದರೋ ಏನೋ.

ಅಂದಿನಿಂದ ಅವರು ಆ ಕಾರನ್ನು ಮತ್ತೆ ಕಟ್ಟತೊಡಗಿದರು. ಮೊದಲು ಭಾನುವಾರದ ಹವ್ಯಾಸವಾಗಿದ್ದದ್ದು ಈಗ ದಿನದಿನದ ಹಿಂಸೆಯಾಯಿತು. ಕಾಲೇಜಿನಿಂದ ಬಂದವರೇ ಶೆಡ್ಡಿಗೆ ಬರುತ್ತಿದ್ದರು. ತಗಡನ್ನು ಬಡಿದು ನೆಟ್ಟಗೆ ಮಾಡುವರು. ಒಪ್ಪಿಗೆಯಾಗದೆ ಮತ್ತೆ ಬಡಿಯುವರು. ಆ ಹಸಿರು ಬಣ್ಣ ಮತ್ತೆ ಸಿಗಲಿಲ್ಲ. ಹಚ್ಚುವುದು, ಕೆರೆದು ತೆಗೆಯುವುದು ಹೀಗೇ ನಡೆಯಿತು. ನನ್ನ ಮೇಲೆ ಪಿನ್ನಿನ ಮೇಲೆ ಪಿನ್ನು ಕಡೆದು, ಅಳೆದು, ನಿಟ್ಟುಸಿರು ಬಿಟ್ಟು, ಒಂದು ಡಬ್ಬಕ್ಕೆ ಹಾಕುವರು. ಅವುಗಳಲ್ಲಿ ಯಾವುದರಲ್ಲೂ ದೋಷವಿರಲಿಲ್ಲ.

ಮೇದಿನಿ ಶೆಡ್ಡಿನ ಹೊಸಿಲಲ್ಲಿ ನಿಂತೇ ದೊಡ್ಡವಳಾದಳು. ಸ್ಕೂಲಿನ ಹಾಡಿನ ಸ್ಪರ್ಧೆಗೆ ಕರೆಯಲು ಬಂದಳು. ಪರೀಕ್ಷೆ ಪಾಸಾದಳೆಂದು ಹೇಳಲು ಬಂದಳು. "ಇದೊಂದು ಮುಗಿಸಿ ಬಂದೆ ಪುಟ್ಟಿ" ಎನ್ನುವರು ಅಪ್ಪ. ಅವಳು ಸ್ವಲ್ಪ ಹೊತ್ತು ನಿಂತಿದ್ದು ಹೊರಟುಹೋಗುವಳು. ಒಂದು ಸಲ ಮಾತ್ರ ಕೇಳಿದಳು. ಆಗ ಕಾಲೇಜಿಗೆ ಹೋಗುತ್ತಿದ್ದಳು.

"ಅಪ್ಪ, ಇದನ್ನ ಯಾರಿಗೋಸ್ಕರ ರಿಪೇರಿ ಮಾಡ್ತಿದ್ದೀಯ?"

ಅವರು ನನ್ನ ಸ್ವಿಚ್ಚು ಆರಿಸಿದರು. ಕಡೆಯುತ್ತಿದ್ದ ಪಿನ್ನನ್ನು ಅಳೆದು, ಮತ್ತೆ ಸ್ವಿಚ್ಚು ಹಾಕಿದರು.

ಅವಳಿಗೆ ಹಾಸನದ ಕಡೆ ಸಂಬಂಧ ಗೊತ್ತಾಯಿತು. ಮದುವೆ ಹತ್ತಿರ ಬಂದಾಗ ಅವಳು ಶೆಡ್ಡಿನೊಳಗೇ ಬಂದು, ಧೂಳು ಝಾಡಿಸಿ, ಮಣೆಯ ಮೇಲೆ ಕೂತಳು.

"ಅಪ್ಪ, ನನಗೆ ಒಡವೆ ಗಿಡವೆ ಏನೂ ಬೇಡ. ಛತ್ರಕ್ಕೆ ಹೋಗುವಾಗ ಈ ಕಾರಲ್ಲೇ ಕರ್ಕೊಂಡು ಹೋಗು. ನೀನೇ ಓಡಿಸ್ಬೇಕು. ಅಮ್ಮನ ಜಾಗದಲ್ಲಿ ನಾನು ಕೂತ್ಕೋತೀನಿ."

ವೃಷಭೇಂದ್ರ ಮಗಳ ಮುಖವನ್ನು ಎಷ್ಟೋ ವರ್ಷದ ಮೇಲೆ ಸರಿಯಾಗಿ ನೋಡಿದಂತೆ ನೋಡಿದರು. "ಆಗಲಿ" ಅಂದರು.

ಆ ದಿನಗಳಲ್ಲಿ ಶೆಡ್ಡಿಗೆ ಜೀವ ಬಂತು. ಅವಳು ಸಂಜೆ ಕಾಫಿ ತರುವಳು, ಸೀಟಿನ ಹೊಲಿಗೆ ಬಿಟ್ಟಲ್ಲಿ ಅಮ್ಮನ ಮಷೀನಿನಲ್ಲೇ ಹೊಲಿದು ಕೊಡುವಳು. ಅಪ್ಪ ಮಗಳು ಕಾರನ್ನು ಬೀದಿಯ ಕೊನೆಯವರೆಗೆ ಒಯ್ದು ತಂದರು. ಇಂಜಿನ್ನಿನ ಸದ್ದು ಹಾಲು ಕಾಯುವ ಸದ್ದಿನಷ್ಟು ಮೆತ್ತಗಿತ್ತು. ಛತ್ರಕ್ಕೆ ಹೊರಡುವ ಹಿಂದಿನ ದಿನ ಮೇದಿನಿ ಕಾರಿಗೆ ಅರಿಸಿನ ಕುಂಕುಮ ಹಚ್ಚಿದಳು. ನನಗೂ ಒಂದು ಬೊಟ್ಟಿಟ್ಟಳು.

ಮರುದಿನ ಬೆಳಗ್ಗೆ ಮನೆಯ ಮುಂದೆ ಚಪ್ಪರದ ಗದ್ದಲವಿರುವಾಗ ವೃಷಭೇಂದ್ರ ಶೆಡ್ಡಿಗೆ ಬಂದು ಬಾಗಿಲು ಎಳೆದುಕೊಂಡರು. ಹೊಸ ಪಂಚೆ ಉಟ್ಟಿದ್ದರು. ಚಾಲಕನ ಸೀಟಿನಲ್ಲಿ ಕೂತರು. ಎಡಗಡೆಯ ಖಾಲಿ ಸೀಟನ್ನು ನೋಡುತ್ತ ಅದರ ಬೆನ್ನಿನ ಮೇಲೆ ಕೈಯಿಟ್ಟರು. ಆಮೇಲೆ ಇಳಿದು, ಜ್ಯಾಕ್ ಹಾಕಿ, ಚಕ್ರ ಬಿಚ್ಚಿ, ಪಿನ್ನನ್ನು ಹೊರತೆಗೆದರು. ಅದರಲ್ಲಿ ಯಾವ ಲೋಪವೂ ಇರಲಿಲ್ಲ. ಅದನ್ನು ನನ್ನ ಬಾಯಿಗೆ ಕಚ್ಚಿಸಿ ಸ್ವಿಚ್ಚು ಹಾಕಿದರು.

ನಾನು ತಿರುಗಿದೆ. ಬೇರೇನು ಮಾಡಬಲ್ಲೆ? ಉಳಿ ಬಂತು, ಹೊಳೆಯುವ ಸುರುಳಿಗಳು ಅವರ ಪಂಚೆಯ ಮೇಲೆ ಉದುರಿದವು. ಅಳತೆ ದಾಟಿತು. ಅವರು ನಿಲ್ಲಿಸಲಿಲ್ಲ. ಪಿನ್ನು ಪೆನ್ಸಿಲಿನಷ್ಟು ತೆಳ್ಳಗಾದಾಗ ಸ್ವಿಚ್ಚು ಆರಿಸಿ, ನನ್ನ ಮೇಲೆ ಹಣೆಯಿಟ್ಟು ನಿಂತರು. "ನಿನ್ನನ್ನ ಇದರಲ್ಲಿ ಹೇಗೆ ಕೂರಿಸಲಿ ಪುಟ್ಟಿ" ಅಂದರು. ಕೇಳಿಸಿಕೊಂಡವನು ನಾನೊಬ್ಬನೇ.

ಮಧ್ಯಾಹ್ನ ರೇಷ್ಮೆ ಸೀರೆಯುಟ್ಟು ಮೇದಿನಿ ಬಂದಳು. ಹಿಂದೆ ಪಂಚಾಕ್ಷರಿ ಇದ್ದ.

"ಹೊರಡೋಣ್ವಾ ಅಪ್ಪ?"

"ಆಗಲ್ಲಮ್ಮ. ಪಿನ್ನು ಕೆಟ್ಟಿದೆ."

"ನಿನ್ನೆ ಚೆನ್ನಾಗಿತ್ತಲ್ಲ."

"ಇವತ್ತು ಇಲ್ಲ."

ಅವಳು ಬಿಚ್ಚಿಟ್ಟ ಚಕ್ರವನ್ನು ನೋಡಿದಳು, ಅಪ್ಪನ ಎಣ್ಣೆ ಮೆತ್ತಿದ ಕೈ ನೋಡಿದಳು. ಕೂಗಾಡಲಿಲ್ಲ. "ಮುಗಿಸೋಕೆ ನಿನಗೆ ಇಷ್ಟ ಇಲ್ಲ ಅಪ್ಪ. ಮುಗಿದುಹೋದ್ರೆ ನನ್ನ ಜೊತೆ ಇರಬೇಕಾಗುತ್ತೆ ಅಂತ" ಅಂದಳು.

ಪಂಚಾಕ್ಷರಿ ಅವಳ ಭುಜ ಹಿಡಿದು, "ನಡಿ ಮಗಳೇ, ನನ್ನ ಕಾರಿದೆ" ಎಂದು ಕರೆದುಕೊಂಡು ಹೋದ. ವೃಷಭೇಂದ್ರ ನಲ್ಲಿಯ ಕೆಳಗೆ ಕೈಯನ್ನು ತೊಳೆದೇ ತೊಳೆದರು. ಆಮೇಲೆ ಆಟೋ ಹಿಡಿದು ಛತ್ರಕ್ಕೆ ಹೋದರು.

ಮದುವೆಯಾದ ಮೇಲೆ ಅವಳು ಹಬ್ಬಕ್ಕೆ ಬಂದಳು, ಹೋದಳು. ಶೆಡ್ಡಿನ ಕಡೆ ಸುಳಿಯಲಿಲ್ಲ. ಅವರೂ ನನ್ನನ್ನು ಮತ್ತೆ ಚಾಲೂ ಮಾಡಲಿಲ್ಲ. ಬಂದು ಮಣೆಯ ಮೇಲೆ ಕೂರುವರು. ಒಮ್ಮೊಮ್ಮೆ ಫೋನಿನಲ್ಲಿ ಅವಳ ನಂಬರು ಒತ್ತುವರು. ಅವಳು "ಹೇಳಪ್ಪ" ಎಂದರೆ "ಊಟ ಆಯ್ತಾ" ಎಂದು ಕೇಳಿ ಇಟ್ಟುಬಿಡುವರು. ಹಾಗೆ ಕೂತಿದ್ದಾಗಲೇ ಒಂದು ಸಂಜೆ ಪಕ್ಕಕ್ಕೆ ವಾಲಿದರು, ಮತ್ತೆ ಏಳಲಿಲ್ಲ. ಬೆಳಕು ಹೋಗುವವರೆಗೂ ಯಾರೂ ಬರಲಿಲ್ಲ.

ಮನೆ ಖಾಲಿ ಮಾಡುವ ದಿನ ಮೇದಿನಿ ಬಂದಳು. ಗುಜರಿಯವರು ಕಾರಿಗೆ ಹಗ್ಗ ಕಟ್ಟುತ್ತಿದ್ದರು.

"ಕೊನೇವರೆಗೂ ಮುಗಿಸ್ಲೇ ಇಲ್ಲ ನೋಡು ಮಾವ" ಅಂದಳು.

"ಪಾಪ, ಭಾವನ ಕೈಲಿ ಆಗ್ಲಿಲ್ಲ" ಅಂದ ಪಂಚಾಕ್ಷರಿ.

ಆಗಿತ್ತು. ಸರಿಯಾಗೇ ಆಗಿತ್ತು. ಮಗಳನ್ನು ಅದರಲ್ಲಿ ಕೂರಿಸಲು ಹೆದರಿ ಅವರೇ ಕೈಯಾರೆ ಕೆಡಿಸಿದ್ದನ್ನು ಕಂಡದ್ದು ನಾನು. ನನ್ನ ಬಾಯಿ ಇರುವುದು ಕಚ್ಚುವುದಕ್ಕೆ ಮಾತ್ರ.

ಈಗ ಗುಜರಿಯ ಅಂಗಳದಲ್ಲಿದ್ದೇನೆ. ಬೀಡು ಕಬ್ಬಿಣ ಬಾಗುವುದಿಲ್ಲ, ಒಡೆಯುತ್ತದೆ. ದೊಡ್ಡ ಸುತ್ತಿಗೆ ಹಿಡಿದವರು ಸಾಲಾಗಿ ಒಡೆಯುತ್ತ ಬರುತ್ತಿದ್ದಾರೆ. ಚೂರುಗಳನ್ನು ಕರಗಿಸಿ ಮತ್ತೇನೋ ಹೊಯ್ಯುತ್ತಾರಂತೆ. ಮೋರಿಯ ಮುಚ್ಚಳವಾದರೂ ಚಿಂತೆಯಿಲ್ಲ. ಆದರೆ ಹಾಸನದಲ್ಲಿ ಆ ಹುಡುಗಿ ತನ್ನ ಅಪ್ಪನಿಗೆ ತಾನು ಬೇಡವಾಗಿದ್ದೆ ಎಂದುಕೊಂಡೇ ಮುದುಕಿಯಾಗುತ್ತಾಳೆ.