ಡಂಗುರದ ಹಲ್ಲು

"ಅಮ್ಮಾ, ಈ ಡಂಗುರದ ಹಲ್ಲು ನೋಡೇ. ಎಷ್ಟು ದಪ್ಪ ಇದೆ!"

ಒಡವೆ ಅಂಗಡಿಯ ಗಾಜಿನ ಕಟ್ಟೆ ಒರೆಸುತ್ತಿದ್ದ ಕೆಲಸದ ಹುಡುಗಿ ಹೆಟ್ಟಿಯ ಕೈ ಅಲ್ಲೇ ನಿಂತಿತು.

ಮಾತಾಡಿದವಳು ನೀಲಿ ಟೋಪಿಯ ಹುಡುಗಿ. ಮದುವೆ ಗೊತ್ತಾಗಿದೆ, ಉಂಗುರ ಬೇಕು ಎಂದು ತಾಯಿಯ ಜೊತೆ ಬಂದಿದ್ದಳು. ತಾಯಿ ದಪ್ಪ ಹೆಂಗಸು, ಕುತ್ತಿಗೆಗೆ ನರಿಯ ತುಪ್ಪಳ ಸುತ್ತಿಕೊಂಡಿದ್ದಳು. ಅಂಗಡಿಯ ಯಜಮಾನ ಟ್ರೆಂಚರ್ಡ್ ಸಾಹೇಬರು ಮಖಮಲ್ಲಿನ ತಟ್ಟೆಯನ್ನು ಅವರ ಮುಂದೆ ಸರಿಸಿ, ಯಾವುದೋ ದೂರದ ಸೀಮೆಯ ಮಾತಿರಬೇಕು ಎಂದುಕೊಂಡು ಸುಮ್ಮನೆ ನಕ್ಕರು.

ಹೆಟ್ಟಿಗೆ ನಗು ಬರಲಿಲ್ಲ. ಪ್ರಾಸ ಕೂಡಿಸಿ ಮಾತು ಮರೆಸುವುದು ಅವಳಿಗೆ ಹೊಸದಲ್ಲ. ಮೆಟ್ಟಿಲಿಗೆ ಬಟ್ಟಲು, ಬಾಯಿಗೆ ನಾಯಿ ಎನ್ನುವುದು ಅವಳು ಬೆಳೆದ ಬರ್ಮಂಡ್ಸಿ ಕೇರಿಯಲ್ಲಿ ಹಾಲುಹಲ್ಲಿನ ಮಕ್ಕಳಿಗೂ ಬರುತ್ತಿತ್ತು. ಆದರೆ ಉಂಗುರಕ್ಕೆ ಡಂಗುರ, ಅದರ ವಜ್ರದ ಕಲ್ಲಿಗೆ ಹಲ್ಲು ಎನ್ನುವುದನ್ನು ಆ ಬೀದಿಗಳಲ್ಲಿಯೂ ಅವಳು ಕೇಳಿರಲಿಲ್ಲ. ಆ ಮಾತುಗಳು ಇದ್ದದ್ದು ಅಜ್ಜಿಯ ಕಥೆಗಳಲ್ಲಿ ಮಾತ್ರ. ಅಡುಗೆಮನೆಯ ಒಲೆಯ ಮುಂದೆ, ಅಜ್ಜಿಯ ಒರಟು ಏಪ್ರನ್ನಿಗೆ ಕೆನ್ನೆಯೊತ್ತಿ ಕೇಳಿದ್ದ ಮಾತು. ಲೋಕದಲ್ಲಿ ಆ ಭಾಷೆ ಬಲ್ಲವರು ತಾವಿಬ್ಬರೇ ಎಂದು ಹೆಟ್ಟಿ ನಂಬಿದ್ದಳು. ದೊಡ್ಡವಳಾಗಿ ಕೆಲಸಕ್ಕೆ ಸೇರಿದ ಮೇಲೂ ನಂಬಿದ್ದಳು.

ಅವಳಿಗೆ ಬಹಳ ಇಷ್ಟವಾದದ್ದು ಅಕ್ಕತಂಗಿ ರಾಣಿಯರ ಕಥೆ. ಇಬ್ಬರೂ ಜಿಪುಣ ರಾಜನ ಅರಮನೆಗೆ ಬರುತ್ತಾರೆ. ತಂಗಿ ತಲೆಸುತ್ತಿ ಬೀಳುತ್ತಾಳೆ. ರಾಜ ನೀರಿಗೆಂದು ಬಾವಿಗೆ ಓಡುತ್ತಾನೆ. ಅಕ್ಕ ರಾಜನ ಡಂಗುರ ಎತ್ತಿಕೊಂಡು, ಗಾಜಿನ ಹಲ್ಲಿನ ಡಂಗುರ ಇಟ್ಟು, "ಗಾಳಿ ಎತ್ತ?" ಎಂದು ಕೇಳುತ್ತಾಳೆ. ಕಥೆ ಕೇಳುತ್ತಿರುವ ಮಗು ಥಟ್ಟನೆ "ಕಡಲತ್ತ" ಎನ್ನಬೇಕು. ಆಗ ಮಾತ್ರ ರಾಣಿಯರಿಗೆ ರೆಕ್ಕೆ ಮೂಡುತ್ತದೆ. ನಿದ್ದೆ ಹೋದರೆ ಪಾಪ, ಅವರು ಸಿಕ್ಕಿಬೀಳುತ್ತಾರೆ. ಅವರು ಸಿಕ್ಕಿಬೀಳಬಾರದೆಂದು ಹೆಟ್ಟಿ ಎಷ್ಟು ಸಲ ತೊಡೆ ಚಿವುಟಿಕೊಂಡು ಎಚ್ಚರವಿದ್ದಳೋ.

"ಅಯ್ಯೋ, ಯಾಕೋ ಕಣ್ಣು ಕತ್ತಲೆ ಬರ್ತಿದೆ," ಎಂದಳು ನೀಲಿ ಟೋಪಿಯ ಹುಡುಗಿ. ಮರುಕ್ಷಣ ರತ್ನಗಂಬಳಿಯ ಮೇಲೆ ಮೆತ್ತಗೆ ಬಿದ್ದಳು.

"ನೀರು! ಸ್ವಲ್ಪ ನೀರು ಕೊಡಿ ಸ್ವಾಮಿ!"

ಟ್ರೆಂಚರ್ಡ್ ಸಾಹೇಬರು ಹೌಹಾರಿ ಒಳಗೆ ಓಡಿದರು.

ಇನ್ನೇನು ನಡೆಯುತ್ತದೆ ಎಂಬುದು ಹೆಟ್ಟಿಗೆ ಗೊತ್ತಿತ್ತು. ಕೂಗಬೇಕು. ತಟ್ಟೆಯ ಜವಾಬ್ದಾರಿ ತನ್ನದು. ಸಂಜೆ ತಟ್ಟೆಯಲ್ಲಿ ವಜ್ರದ ಬದಲು ಗಾಜು ಸಿಕ್ಕರೆ ಪೊಲೀಸರು ಮೊದಲು ಹಿಡಿಯುವುದು ತನ್ನನ್ನೇ. ಆದರೆ ಅವಳು ಕಥೆ ಕೇಳುವ ಮಗುವಿನ ಹಾಗೆ ನೋಡುತ್ತ ನಿಂತಳು. ತುಪ್ಪಳದ ಹೆಂಗಸಿನ ಕೈಗವಸು ತಟ್ಟೆಯ ಮೇಲೆ ಒಮ್ಮೆ ಸವರಿ ಹೋಯಿತು. ಒಲೆಯ ಬೆಳಕಿನಲ್ಲಿ ಅಜ್ಜಿಯ ಕೈ ಆಡುತ್ತಿದ್ದದ್ದು ಥೇಟ್ ಹೀಗೆಯೇ. ಆಮೇಲೆ ಆ ಹೆಂಗಸು, ನೆಲದಿಂದ ಬೀದಿಬಾಗಿಲನ್ನೇ ನೋಡುತ್ತಿದ್ದ ಮಗಳನ್ನು ತುಟಿ ಅಲುಗಿಸದೆ ಕೇಳಿದಳು:

"ಗಾಳಿ ಎತ್ತ?"

"ಕಡಲತ್ತ," ಎಂದಳು ಹೆಟ್ಟಿ.

ನೆಲದ ಮೇಲಿದ್ದ ಹುಡುಗಿ ಎದ್ದು ಕೂತೇಬಿಟ್ಟಳು. "ಅಮ್ಮಾ! ನಾನಲ್ಲ ಹೇಳಿದ್ದು!"

"ಮಲಕ್ಕೊಳೇ, ಕತ್ತೆ." ಹೆಂಗಸು ಹೆಟ್ಟಿಯನ್ನು ಮೇಲಿಂದ ಕೆಳಗೆ ನೋಡಿದಳು. ಕೈಗವಸಿನೊಳಗಿಂದ ಅಸಲಿ ಉಂಗುರ ತೆಗೆದು ತಟ್ಟೆಯಲ್ಲಿಟ್ಟು, ನಕಲಿಯನ್ನು ಎತ್ತಿಕೊಂಡಳು. "ನಮ್ಮೋರ ಅಂಗಡೀಲಿ ನಾವು ಕೈ ಹಾಕಲ್ಲ. ಅದು ಕಟ್ಟುಪಾಡು. ಆದ್ರೆ ಈ ಮಾತು ನಿಂಗೆ ಹೆಂಗೆ ಬಂತು? ಯಾರ ಮೊಮ್ಮಗಳೇ ನೀನು?"

ಉಂಗುರ ಮರಳಿ ಬಂದಿತ್ತು, ತನ್ನ ನೌಕರಿ ಉಳಿದಿತ್ತು. ಹೆಟ್ಟಿಗೆ ಅಳುವಷ್ಟು ಸಮಾಧಾನವಾಯಿತು. ಆ ಸಮಾಧಾನದಲ್ಲಿ ನಾಲಿಗೆ ತಾನಾಗಿ ಸಡಿಲಿತು. "ಲಾವಿನಿಯಾ... ಲಾವಿನಿಯಾ ಪೋಕಾಕ್."

"ಲಾವಿ!" ಹೆಂಗಸು ಆ ಹೆಸರನ್ನು ಬಾಯಲ್ಲಿಟ್ಟು ರುಚಿ ನೋಡಿದ ಹಾಗಿತ್ತು. "ಇನ್ನೂ ಇದ್ದಾಳಾ ಮುದುಕಿ! ಎಲ್ಲಿ ಬೇರು ಬಿಟ್ಟಿದ್ದಾಳೆ?"

"ಬರ್ಮಂಡ್ಸಿಲೇ. ಚರ್ಮದ ಕಾರ್ಖಾನೆ ಹಿಂದೆ, ಬಾರ್ಕ್ ಬೀದೀಲಿ."

"ಮುದ್ದು ಹುಡುಗಿ." ಅವಳು ಹೆಟ್ಟಿಯ ಕೆನ್ನೆ ತಟ್ಟಿದಳು. "ಅಜ್ಜಿಗೆ ಹೇಳು, ಪೆಗ್‌ಳ ಮಗಳು ಸಿಕ್ಕಿದ್ಲು ಅಂತ. ಇವತ್ತೇ ಬಂದು ಕಾಣ್ತಾಳಂತೆ ಅಂತ."

ಸಾಹೇಬರು ನೀರು ತುಳುಕಿಸುತ್ತ ಬಂದಾಗ ಹುಡುಗಿ ಕಣ್ಣು ಬಿಟ್ಟು, ತಾನೆಲ್ಲಿದ್ದೇನೆ ಎಂದು ಸೊಗಸಾಗಿ ಕೇಳಿದಳು.

ತಲೆನೋವೆಂದು ಹೇಳಿ ಹೆಟ್ಟಿ ಬೇಗ ಹೊರಟಳು. ಬಾರ್ಕ್ ಬೀದಿಯ ಮೂಲೆಯಲ್ಲಿ ಹಾವುಮೀನು ಮಾರುವ ಡಫಿನ್ ಕೆಣಕಿದ: "ಏನಮ್ಮಾ ಹೆಟ್ಟಿ, ದೆವ್ವ ಮೆಟ್ಕೊಂಡಂಗೆ ಓಡ್ತಿದ್ದೀಯ! ನಿಮ್ಮನೆ ಬಟ್ಟಲಿಗೇನು ಬೆಂಕಿ ಬಿದ್ದಿದ್ಯಾ?"

"ನಾಯಿ ಮುಚ್ಚೋ," ಎಂದಳು ಹೆಟ್ಟಿ. ಹೇಳಿದ ಮೇಲೆ ಆ ಮಾತೂ ನಾಲಿಗೆಗೆ ಕಹಿಯೆನಿಸಿತು.

ಅಜ್ಜಿ ಮೇಜಿನ ಮುಂದೆ ಬ್ರೆಡ್ಡಿಗೆ ಹಂದಿಕೊಬ್ಬು ಸವರುತ್ತಿದ್ದಳು. ಹೆಟ್ಟಿ ಟೋಪಿ ತೆಗೆಯದೆ ನಿಂತೇ ಎಲ್ಲವನ್ನೂ ಹೇಳಿದಳು. "ನೀನು ಕಳ್ಳಿಯಾಗಿದ್ಯಾ ಅಜ್ಜಿ? ನಂಗೆ ಹೇಳಿದ್ದು ಕಥೆ ಅಲ್ವಾ?"

"ಕಥೇನೇ ಕೂಸೇ. ನಂಗೆ ಬೇರೆ ಕಥೆ ಗೊತ್ತಿರ್ಲಿಲ್ಲ." ಚಾಕು ನಿಧಾನಕ್ಕೆ ಸವರುತ್ತಲೇ ಇತ್ತು. "ಬಂದೋಳು ಯಾರು ಅಂದೆ?"

"ಪೆಗ್‌ಳ ಮಗಳಂತೆ. ಇವತ್ತೇ ಬರ್ತಾಳಂತೆ."

ಚಾಕು ನಿಂತಿತು. "ಬೀದಿ ಹೆಸರು ಹೇಳಿದ್ಯಾ?"

"ಹೇಳ್ದೆ."

ಅಜ್ಜಿ ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. "ನನ್ನ ಜೊತೆ ಅಂಗಡೀಲಿ ತಲೆಸುತ್ತಿ ಬೀಳ್ತಿದ್ದೋಳು ಪೆಗ್," ಎಂದಳು. "ಇಬ್ಬರೂ ಸಿಕ್ಕಿಬಿದ್ವಿ. ನಿಮ್ಮಮ್ಮ ಆಗ ನನ್ನ ಹೊಟ್ಟೇಲಿದ್ಲು. ಜೈಲಲ್ಲಿ ಹೆರಲಾರೆ ಅಂತ ನ್ಯಾಯಾಧೀಶರ ಮುಂದೆ ಎಲ್ಲಾ ಪೆಗ್ ತಲೆಗೆ ಕಟ್ಟಿದೆ. ನನ್ನ ಬಿಟ್ರು. ಅವಳು ಒಳಗೇ ಸತ್ಲು. ಹೊರಗೆ ಅವಳಿಗೊಂದು ಪುಟ್ಟ ಮಗು ಇತ್ತು."

ಹೆಟ್ಟಿ ಗೋಡೆಗೆ ಒರಗಿದಳು. ಈ ಕಥೆಯನ್ನು ಅಜ್ಜಿ ಎಂದೂ ಹೇಳಿರಲಿಲ್ಲ.

"ಹೋಗೋಣ ಅಜ್ಜಿ. ಈಗಲೇ. ಕೆಂಟ್‌ಗೆ, ಎಲ್ಲಾದ್ರೂ."

"ಓಡಿ ಸಾಕಾಗಿದೆ ಮರಿ. ನೀನು ಡಫಿನ್ ಮನೇಲಿ ಕೂತಿರು, ಹೋಗು."

ಅಜ್ಜಿ ಕೈ ತೊಳೆದು, ಏಪ್ರನ್ ಬಿಚ್ಚಿ, ಚರ್ಚಿಗೆ ಹೋಗುವಾಗಿನ ಕಪ್ಪು ಕೋಟು ತೊಟ್ಟಳು. ಮುಂಬಾಗಿಲ ಅಗುಳಿ ತೆಗೆದಿಟ್ಟು ಬಂದು, ಕೆಟಲಿಗೆ ನೀರು ತುಂಬಿ ಒಲೆಯ ಮೇಲಿಟ್ಟಳು. ಕಪಾಟಿನಿಂದ ಗುಲಾಬಿ ಹೂವಿನ ಕಪ್ಪುಗಳನ್ನು ಇಳಿಸಿ ಅಂಚಿಗೆ ಕಸೂತಿಯಿದ್ದ ಬಟ್ಟೆಯಲ್ಲಿ ಒರೆಸಿದಳು. ಬಂದವರಿಗೆ ಎರಡು, ತನಗೊಂದು. ಸಕ್ಕರೆಯ ಬಟ್ಟಲನ್ನು ಬಾಗಿಲ ಕಡೆಯ ಕುರ್ಚಿಗೆ ಹತ್ತಿರ ಸರಿಸಿದಳು. ಆಮೇಲೆ ಕೂತಳು.

ಹೆಟ್ಟಿ ಬಹಳ ಹೊತ್ತು ಟೋಪಿಯ ಅಂಚು ಹಿಡಿದು ನಿಂತಿದ್ದಳು. ಹೊರಗೆ ಯಾರದೋ ಎತ್ತರದ ಹಿಮ್ಮಡಿಯ ಮೆಟ್ಟುಗಳ ಸದ್ದು ಕಲ್ಲುಹಾಸಿನ ಮೇಲೆ ಹತ್ತಿರವಾಗುತ್ತಿತ್ತು. ಅವಳು ಟೋಪಿ ತೆಗೆದು ಮೊಳೆಗೆ ಸಿಕ್ಕಿಸಿದಳು. ಕಪಾಟಿನ ಹಿಂಬದಿಯಲ್ಲಿ ಉಳಿದಿದ್ದ, ಹಿಡಿ ಮುರಿದ ಕಪ್ಪನ್ನು ತಂದು ಅಜ್ಜಿಯ ಕಪ್ಪಿನ ಪಕ್ಕದಲ್ಲಿಟ್ಟು, ಕುರ್ಚಿ ಎಳೆದುಕೊಂಡಳು. ಕೆಟಲಿನ ಮುಚ್ಚಳ ಸಣ್ಣಗೆ ಅದುರತೊಡಗಿತು.