ಹೆಸರು ತೊಳೆದ ಪ್ರತಿ

ಕೌಲಿ ಎಂಬ ಗಿರಾಕಿ ಅಂಗಡಿಗೆ ಬಂದ ದಿನ ಮೇವಿಸ್‌ಗೆ ಮಧ್ಯಾಹ್ನದ ಊಟ ಸೇರುತ್ತಿರಲಿಲ್ಲ. ಆತನೇನು ಗಬ್ಬು ನಾರುವ ಮನುಷ್ಯನಲ್ಲ. ಲಂಡನ್ನಿನಲ್ಲಿ ನಾಲ್ಕು ಹಲ್ಲಿನ ಆಸ್ಪತ್ರೆ ಇಟ್ಟಿದ್ದ, ಹತ್ತಿರ ಬಂದರೆ ಪುದೀನದ ಪರಿಮಳ. ಆದರೆ ಅವನು ಪುಸ್ತಕ ಮುಟ್ಟುವ ರೀತಿ ಇತ್ತಲ್ಲ, ಅದನ್ನು ನೋಡಲು ಅವಳಿಂದ ಆಗುತ್ತಿರಲಿಲ್ಲ. ರಟ್ಟನ್ನು ಎರಡು ಬೆರಳಷ್ಟೇ ಎತ್ತುವುದು, ಒಳಗೆ ಇಣುಕಿ ಸಹಿ ನೋಡುವುದು, ಮೂಸುವುದು, ಮುಚ್ಚುವುದು. ಓದುವ ಮಾತು ಎತ್ತುವಂತಿಲ್ಲ. ಪೂರ್ತಿ ತೆರೆದರೆ ಪುಸ್ತಕದ ಬೆನ್ನು ಸಡಿಲವಾಗುತ್ತದಂತೆ, ಬೆಲೆ ಇಳಿಯುತ್ತದಂತೆ.

ಅವನಿಗೆ ರಂಪ ಎಬ್ಬಿಸಿದ ಕಾದಂಬರಿಗಳೇ ಬೇಕು. ಕೋರ್ಟು ಹತ್ತಿದ್ದು, ಪಾದ್ರಿಗಳು ಶಾಪ ಹಾಕಿದ್ದು, ನಡುಬೀದಿಯಲ್ಲಿ ಸುಟ್ಟದ್ದು, ಯಾರದೋ ಮನೆ ಮುರಿದದ್ದು. ಅದೂ ಮೊದಲ ಮುದ್ರಣವೇ ಆಗಬೇಕು, ಒಳಗೆ ಲೇಖಕನ ಸಹಿ ಇರಬೇಕು. ಬರೀ ಸಹಿ. 'ಪ್ರೀತಿಯ ಇಂಥವರಿಗೆ' ಎಂದೇನಾದರೂ ಇದ್ದರೆ, ಎಂಜಲು ತಟ್ಟೆ ಮುಂದಿಟ್ಟ ಹಾಗೆ ಮೂಗು ಮುರಿಯುತ್ತಿದ್ದ. ಕಂಡವರ ಮನೆಗೆ ಬೆಂಕಿ ಬಿದ್ದರೆ ಚಳಿ ಕಾಯಿಸಿಕೊಳ್ಳುವ ಜನ ಎಲ್ಲ ಊರಲ್ಲೂ ಇದ್ದಾರೆ. ಇವನು ಆ ಕೆಂಡವನ್ನು ಗಾಜಿನ ಬೀರುವಿನಲ್ಲಿಟ್ಟು ನೆಂಟರನ್ನು ಕರೆದು ತೋರಿಸುವವನು. ಥೂ.

ಹಾಗಂತ ಮೇವಿಸ್ ಏನು ಸಾಚಾ ಅಲ್ಲ, ಅದು ಅವಳಿಗೂ ಗೊತ್ತಿತ್ತು. ಫ್ಯಾರಂಟ್‌ನ ಆ ಹಳೆ ಪುಸ್ತಕದಂಗಡಿಯಲ್ಲಿ ಇಪ್ಪತ್ತಾರು ವರ್ಷ ಮಾರಾಟದ ಪುಸ್ತಕಗಳ ಪಟ್ಟಿಯನ್ನು ಅವಳೇ ಬರೆದಿದ್ದಳು. ಯಾವ ಗಿರಾಕಿಗೆ ಏನು ಬೇಕು ಎಂದು ಚೀಟಿ ಬರೆದು ಮರದ ಪೆಟ್ಟಿಗೆಯಲ್ಲಿ ಜೋಡಿಸಿಡುವುದೂ ಅವಳ ಕೆಲಸವೇ. ಒಮ್ಮೆ ಮುದಿ ಲೇಖಕನೊಬ್ಬ ಸಾಯಲು ಬಿದ್ದಿದ್ದಾನೆ ಎಂದು ಪೇಪರಿನಲ್ಲಿ ಬಂದಾಗ ಫ್ಯಾರಂಟ್ ಅವಳ ಕೈಗೆ ಐದು ಪುಸ್ತಕ ಕೊಟ್ಟು ಆಸ್ಪತ್ರೆಗೆ ಅಟ್ಟಿದ್ದ. ಅವಳು ಹೋದಳು, ಮೂಗಿನಲ್ಲಿ ಕೊಳವೆ ಇದ್ದವನ ಕೈಗೆ ಪೆನ್ನು ಹಿಡಿಸಿ ಐದಕ್ಕೂ ಸಹಿ ಹಾಕಿಸಿಕೊಂಡು ಬಂದಳು. ಕೈ ನಡುಗಿ ಸಹಿ ಸೊಟ್ಟಗಾಗಿದೆ ಎಂದು ಫ್ಯಾರಂಟ್ ಗೊಣಗಿದ. ಆ ರಾತ್ರಿ ಅವಳು ಎಷ್ಟು ಸಲ ಸೋಪು ಹಾಕಿ ಕೈ ತೊಳೆದಳೋ, ಲೆಕ್ಕವಿಲ್ಲ. ಮಾರನೆಯ ಬೆಳಿಗ್ಗೆ ಮತ್ತೆ ಅದೇ ಮೇಜಿಗೇ ಬಂದು ಕುಳಿತಳು.

ಕೌಲಿಯ ಚೀಟಿಗಳಲ್ಲಿ ಒಂದು ಬಹಳ ಹಳೆಯದು: 'ಹಾರ್ಕರ್ ಬೀದಿಯ ಕೊಳೆ. ಗಾಡ್‌ಫ್ರಿ ಲಂಬ್. ಮೊದಲ ಮುದ್ರಣ, ಸಹಿ. ಹೆಸರು ಬೇಡ.'

ಆ ಕಾದಂಬರಿಯನ್ನು ಮೇವಿಸ್ ಓದಿದ್ದಳು. ಲ್ಯಾಂಕಶೈರಿನ ಒಂದು ಗಿರಣಿ ಊರು, ಬಟ್ಟೆ ಒಗೆಯುವ ಕಾರ್ಖಾನೆಯ ಹುಡುಗಿ, ಅವಳ ತಾಯಿಯ ಮನೆಯಲ್ಲಿ ಬಾಡಿಗೆಗಿದ್ದ ಮೇಷ್ಟರು, ಹುಟ್ಟಿದ ಮಗುವನ್ನು ಚರ್ಚಿನವರ ಕೈಗೆ ಕೊಟ್ಟು ಬರಿಗೈಯಲ್ಲಿ ಮನೆಗೆ ಬರುವುದು. ಹುಡುಗಿಯ ಮೊಣಕಾಲ ಹಿಂದಿನ ಮಚ್ಚೆಯನ್ನೂ ಲಂಬ್ ಬರೆಯದೆ ಬಿಟ್ಟಿರಲಿಲ್ಲ. ಐವತ್ತೆರಡು ವರ್ಷದ ಹಿಂದೆ ಅದು ಅಶ್ಲೀಲವೋ ಅಲ್ಲವೋ ಎಂದು ಕೋರ್ಟಿನಲ್ಲಿ ಮೂರು ವಾರ ವಾದ ನಡೆದು ಕೊನೆಗೆ ಲಂಬ್ ಗೆದ್ದ, ನಿಜ ಬರೆದ ಧೀರ ಎನಿಸಿಕೊಂಡ. ಹುಡುಗಿ ಯಾರೆಂದು ಕೋರ್ಟಿನಲ್ಲಾಗಲಿ ಪೇಪರಿನಲ್ಲಾಗಲಿ ಯಾರೂ ಕೇಳಲಿಲ್ಲ. ಲಂಬ್ ಸತ್ತು ಈಗ ಎಂಟು ವರ್ಷ.

ಒಂದು ಮಂಗಳವಾರ ಮಧ್ಯಾಹ್ನ, ಫ್ಯಾರಂಟ್ ಊಟಕ್ಕೆ ಹೋಗಿದ್ದಾಗ, ನೀಲಿ ಕೋಟಿನ ಒಬ್ಬ ಮುದುಕಿ ಬಂದು ಚೀಲದಿಂದ ದಿಂಬಿನ ಗವಸು ತೆಗೆದಳು. ಗವಸಿನೊಳಗೆ ಪುಸ್ತಕ. ಮೊದಲ ಪುಟದಲ್ಲಿ ಮೂರು ಸಾಲು ನೀಲಿ ಶಾಯಿ, ಕೆಳಗೆ ಸಹಿ. 'ಡಾಟ್ ಆಸ್ಪಿನಾಲ್‌ಗೆ. ಇದರಲ್ಲಿರುವುದೆಲ್ಲ ನಿನ್ನದು. ನನ್ನನ್ನು ಕ್ಷಮಿಸು. ಗಾಡ್‌ಫ್ರಿ ಲಂಬ್.'

ಈ ಡಾಟ್ ಆಸ್ಪಿನಾಲ್ ಯಾರೆಂದು ಮೇವಿಸ್ ಅಭ್ಯಾಸಬಲದಿಂದ ಕೇಳಿದಳು. ಮುದುಕಿ ಅತ್ತಿತ್ತ ನೋಡಿ, ತಾನೇ ಎಂದಳು.

ಈಗ ಅವಳು ಮಿಸೆಸ್ ಕೆಂಬಲ್, ಮನೆ ಲಂಡನ್ನಿನ ಅಂಚಿನ ಸಿಡ್‌ಕಪ್‌ನಲ್ಲಿ. ಗಂಡ ತೀರಿಹೋಗಿ, ಮನೆ ಖಾಲಿ ಮಾಡಿ ಮಗಳು ಹೇಜೆಲ್ ಜೊತೆ ಇರಲು ಹೊರಟಿದ್ದಳು. ಗಂಡನಿಗೂ ಗೊತ್ತಿರಲಿಲ್ಲ, ಮಗಳಿಗೂ ಗೊತ್ತಿಲ್ಲ. ಪೆಟ್ಟಿಗೆ ಕಟ್ಟುವುದು ಮಗಳು, ಹಾಗಾಗಿ ಪುಸ್ತಕ ಮನೆಯಲ್ಲಿರುವಂತಿಲ್ಲ. ದಾನ ಬಂದ ಹಳೆ ಸಾಮಾನು ಮಾರುವ ಸಿಡ್‌ಕಪ್‌ನ ಧರ್ಮದಂಗಡಿಗೆ ಕೊಡೋಣವೆಂದರೆ ಅಲ್ಲಿರುವವರೆಲ್ಲ ಗುರುತಿನ ಹೆಂಗಸರು.

"ಸುಟ್ಟಾಕ್ಬಿಡಬಹುದಿತ್ತಲ್ವಾ?" ಎಂದಳು ಮೇವಿಸ್.

"ನಮ್ಮನೆ ಬಾಗ್ಲಲ್ಲೇ ಸುಟ್ರು ಕಣಮ್ಮ, ಹನ್ನೊಂದು ಪುಸ್ತಕ. ಕಿಟಕಿ ಹಿಂದೆ ನಿಂತು ನೋಡ್ತಿದ್ದೆ. ಅಕ್ಕಪಕ್ಕದೋರೇ, ಓದಿದ್ ತಕ್ಷಣ ನಾನೇ ಅಂತ ಗುರುತು ಹಿಡಿದಿದ್ರು. ನಮ್ಮವ್ವ ಆ ಚಳಿಗಾಲ ದಾಟ್ಲಿಲ್ಲ. ಅವ್ರು ಮಾಡಿದ್ದನ್ನೇ ನಾನೂ ಮಾಡೋಕೆ ಕೈ ಬರ್ಲಿಲ್ಲ. ಯಾರಾದ್ರೂ ಓದೋರಿಗೆ ಕೊಡು. ನನ್ನ ಹೆಸ್ರು ಮಾತ್ರ ಆಚೆ ಹೋಗ್ಬಾರ್ದು."

ಮೇವಿಸ್ ಮಾತು ಕೊಟ್ಟಳು. ಕೊಡುತ್ತಿರುವಾಗಲೇ ಎದೆಯೊಳಗೆ ಏನೋ ಕುಣಿದದ್ದು ಅವಳಿಗೆ ತಿಳಿಯಿತು. ಕತೆ ಯಾರದೋ ಅವಳಿಗೇ ಕೊಟ್ಟ ಪ್ರತಿ! ಅದನ್ನು ಪಟ್ಟಿಯಲ್ಲಿ ಬರೆದರೆ ಬೆಲೆ ಹತ್ತು ಪಟ್ಟು ಏರುತ್ತದೆ. ತಾಯಿಯ ಸಾವಿನ ಮಾತು ಕಿವಿಯಲ್ಲಿರುವಾಗಲೇ ಈ ಹಾಳು ಮನಸ್ಸು ಬೆಲೆ ಕಟ್ಟುತ್ತಿದೆಯಲ್ಲ ಎಂದು ಅವಳಿಗೆ ತನ್ನ ಮೇಲೇ ಅಸಹ್ಯ ಹುಟ್ಟಿತು.

ಯಾರಾದರೂ ನಿಜವಾದ ಓದುಗರಿಗೆ ಕೊಡಬೇಕೆಂದು ಅವಳು ಯೋಚಿಸುತ್ತಿರುವಾಗಲೇ ಫ್ಯಾರಂಟ್ ಬಾಯಿ ಒರೆಸಿಕೊಳ್ಳುತ್ತ ಒಳಬಂದ. ಮುದುಕಿ ಆಗಲೇ ಹೋಗಿದ್ದಳು, ಪುಸ್ತಕ ಮೇಜಿನ ಮೇಲೇ ಇತ್ತು. ಅವನು ಭೂತಗನ್ನಡಿಯನ್ನು ಹಿಡಿದದ್ದು ಸಹಿಯ ಮೇಲೆ ಮಾತ್ರ. ಮೇಲಿನ ಸಾಲುಗಳ ಮೇಲೆ ಕಣ್ಣೂ ಹಾಯಿಸದೆ, ಯಾರದೋ ಹೆಸರು ಗೀಚಿಬಿಟ್ಟಿದ್ದಾನಲ್ಲ ಎಂದು ಹಣೆ ಚಚ್ಚಿಕೊಂಡು ಕೌಲಿಗೆ ಫೋನು ಮಾಡಿದ.

ಕೌಲಿ ಸಂಜೆಗೇ ಬಂದ. ಎರಡು ಬೆರಳಷ್ಟು ತೆರೆದ, ಮೂಸಿದ. ಹೆಸರು ಇದೆ ಎಂದು ಕಂಡ ಕೂಡಲೇ ಮುಖ ಹುಳ್ಳಗಾಯಿತು, ಯಾರದೆಂದೂ ಓದದೆ ರಟ್ಟು ಮುಚ್ಚಿದ. ಆಮೇಲೆ ತಲೆಯಲ್ಲೇನೋ ಹೊಳೆದು ನಕ್ಕ.

"ಹಲ್ಲಿನ ಕಲೆನೇ ತೆಗೀತೀವಿ, ಕಾಗದದ್ದು ತೆಗಿಯೋಕಾಗಲ್ವಾ ಮಿಸ್ಟರ್ ಫ್ಯಾರಂಟ್? ಸಹಿ ಉಳಿಸಿ, ಮಿಕ್ಕಿದ್ದು ತೊಳೆಸಿಬಿಡಿ."

ಕ್ಲರ್ಕನ್‌ವೆಲ್‌ನಲ್ಲಿ ಹಳೆ ಕಾಗದ ರಿಪೇರಿ ಮಾಡುವವನೊಬ್ಬ ಅಂಥ ಕೆಲಸ ಗುಟ್ಟಾಗಿ ಮಾಡುತ್ತಿದ್ದ. ನೀಲಿ ಶಾಯಿ ಸುಲಭ, ಔಷಧಿಯಲ್ಲಿ ಅದ್ದಿದ ಹತ್ತಿಯಿಂದ ಒತ್ತಿದರೆ ಹೋಗುತ್ತದೆ. ಸೋಮವಾರ ಕಳಿಸುವುದೆಂದು ಫ್ಯಾರಂಟ್ ಒಪ್ಪಿಯೂ ಒಪ್ಪಿದ.

ಮೇವಿಸ್‌ಗೆ ಆ ವಾರವೆಲ್ಲ ಮುಳ್ಳಿನ ಮೇಲೆ ಕೂತಂತಾಯಿತು. ಬಾಯಿ ಬಿಟ್ಟರೆ ಆ ಸಾಲುಗಳು ಉಳಿಯುತ್ತವೆ, ಜೊತೆಗೆ ಡಾಟ್ ಆಸ್ಪಿನಾಲ್ ಎಂಬ ಹೆಸರು ಪಟ್ಟಿಯಲ್ಲಿ ಅಚ್ಚಾಗಿ ಪೇಪರಿಗೂ ಹೋಗುತ್ತದೆ, ನಾಳೆ ಹೇಜೆಲ್ ಮನೆಯ ಬಾಗಿಲಿಗೆ ಕ್ಯಾಮೆರಾ ಬರುತ್ತದೆ. ಬಾಯಿ ಮುಚ್ಚಿಕೊಂಡರೆ ಆ ಹೆಂಗಸಿಗೆ ಜೀವಮಾನದಲ್ಲಿ ಸಿಕ್ಕ ಒಂದೇ ಒಂದು 'ಕ್ಷಮಿಸು' ಹತ್ತಿಯ ಉಂಡೆಗೆ ಅಂಟಿ ಕಸದ ಬುಟ್ಟಿ ಸೇರುತ್ತದೆ. ಇದು ತಾನು ತೀರ್ಮಾನ ಮಾಡುವ ವಿಷಯವಲ್ಲ ಅನ್ನಿಸಿ, ಫೋನು ಪುಸ್ತಕದಲ್ಲಿ ಕೆಂಬಲ್ ಮನೆಯ ವಿಳಾಸ ಹುಡುಕಿ, ಭಾನುವಾರ ರೈಲು ಹತ್ತಿ ಸಿಡ್‌ಕಪ್‌ಗೆ ಹೋದಳು.

ಮನೆಯ ತುಂಬ ರಟ್ಟಿನ ಪೆಟ್ಟಿಗೆ. ಹೇಜೆಲ್ ಚಹಾ ತಂದಿಟ್ಟು, ಅಮ್ಮನಿಗೆ ಇಷ್ಟು ದೂರದ ಗೆಳತಿಯರೂ ಇದ್ದಾರೆಂದು ಗೊತ್ತೇ ಇರಲಿಲ್ಲವಲ್ಲ ಎಂದು ತಮಾಷೆ ಮಾಡಿದಳು. ಹಳೆ ಪಾತ್ರೆ ಪಡಗ ಕೊಳ್ಳುವವರು ಎಂದು ಮುದುಕಿ ಸಲೀಸಾಗಿ ಸುಳ್ಳು ಹೇಳಿದಳು. ಮಗಳು ಮಹಡಿಗೆ ಹೋದ ಮೇಲೆ ಮೇವಿಸ್ ತಗ್ಗಿದ ದನಿಯಲ್ಲಿ ಎಲ್ಲ ಹೇಳಿದಳು. ತೊಳೆಯುವ ವಿಷಯ ಬಂದಾಗ ಮುದುಕಿಗೆ ನಗು ಬಂತು.

"ಆರು ವರ್ಷ ಊರಿನ ಕೊಳೆ ಒಗ್ದೋಳು ನಾನು. ನನ್ನ ಹೆಸ್ರಿನ ಕೊಳೆ ಎಷ್ಟು ಉಜ್ಜಿದ್ರೂ ಹೋಗ್ಲಿಲ್ಲ. ನಿಮ್ಮೋರು ಒಂದಿನದಲ್ಲಿ ತೆಗೀತಾರಾ? ತೆಗೀಲಿ ಬಿಡು."

"ಆದ್ರೆ ಕ್ಷಮಿಸು ಅಂತ ಬರೆದಿದ್ದೂ ಹೋಗುತ್ತೆ. ಸಹಿ ಮಾತ್ರ ಉಳಿಯುತ್ತೆ."

ಮುದುಕಿ ಚಹಾದ ಬಟ್ಟಲು ಕೆಳಗಿಟ್ಟಳು.

"ಉಳೀಲಿ. ಮಾಡ್ದೋನು ಅವನು, ನಮ್ಮನೇಲಿ ಬಾಡಿಗೆಗಿದ್ದ ಮೇಷ್ಟ್ರು, ಅವನ ಹೆಸ್ರೇ ಇರ್ಲಿ. ಕ್ಷಮಿಸು ಅಂತ ಇದ್ರೆ ನೋಡ್ದೋರೆಲ್ಲ ನಾನು ಕ್ಷಮಿಸ್ಬಿಟ್ಟೆ ಅನ್ಕೋತಾರೆ. ನಾನೆಲ್ಲಿ ಕ್ಷಮಿಸ್ದೆ?"

ಬಾಗಿಲ ತನಕ ಬಂದು, ಒಬ್ಬ ಮಗನಿದ್ದ, ಈಗ ಎಲ್ಲಿದ್ದಾನೋ, ಅವನೂ ಈ ಪುಸ್ತಕ ಓದಿರಬಹುದು ಎಂದಳು.

ಹತ್ತು ದಿನಕ್ಕೆ ಪುಸ್ತಕ ವಾಪಸು ಬಂತು. ಪುಟ ಬೋಳಾಗಿತ್ತು, ಕೆಳಗೆ ಲಂಬ್‌ನ ಸಹಿಯೊಂದೇ ನಿಂತಿತ್ತು. ಮೂಗು ಹತ್ತಿರ ಒಯ್ದರೆ ಈಜುಕೊಳದ ವಾಸನೆ. ಕೌಲಿ ಕಿಟಕಿಯ ಬೆಳಕಿಗೆ ಹಿಡಿದು ಹಿಗ್ಗಿದ್ದೇ ಹಿಗ್ಗಿದ್ದು, ಹುಟ್ಟಿದಾಗಲೇ ಹೀಗಿತ್ತು ಅನ್ನಬೇಕು, ಅಷ್ಟು ಚೊಕ್ಕ ಎಂದ. ಪ್ಲಾಸ್ಟಿಕ್ಕಿನ ಹೊದಿಕೆ ಹಾಕುತ್ತಿದ್ದ ಮೇವಿಸ್‌ಳನ್ನು, ಇದರಲ್ಲಿ ಕತೆ ಏನಿದೆ ಎಂದು ಕೇಳಿದ. ಹದಿನೈದು ವರ್ಷ ಈ ಪುಸ್ತಕಕ್ಕಾಗಿ ಜೊಲ್ಲು ಸುರಿಸಿದವನು!

"ಒಬ್ಬಳ ಮಾನ ಹೋಗೋ ಕತೆ," ಎಂದಳು.

"ಹಸಿಬಿಸಿಯಾ?" ಎಂದು ಅವನು ಕಣ್ಣು ಮಿಟುಕಿಸಿದ. ಅವಳು ಹೊದಿಕೆಯ ಅಂಚು ಒತ್ತಿ ಪುಸ್ತಕವನ್ನು ಅವನತ್ತ ತಳ್ಳಿದಳು.

ಮುಂದಿನ ವರ್ಷ ಲಂಬ್‌ನ ಪತ್ರಗಳು ಅಚ್ಚಾದವು. ಗೆಳೆಯನಿಗೆ ಬರೆದ ಒಂದು ಪತ್ರದಲ್ಲಿ ಅವನು ತಪ್ಪೊಪ್ಪಿಕೊಂಡಿದ್ದ: ಹಾರ್ಕರ್ ಬೀದಿಯ ಹುಡುಗಿ ಕಟ್ಟುಕತೆಯಲ್ಲ, ಅವಳ ಪೂರ್ತಿ ಹೆಸರು ಬರೆದು, ಕ್ಷಮೆ ಕೇಳಿ, ಒಂದು ಪ್ರತಿಯನ್ನು ಅವಳಿಗೇ ಕಳಿಸಿದ್ದೇನೆ, ಆ ಹೆಸರು ಇರುವುದು ಅದೊಂದೇ ಪುಟದಲ್ಲಿ. ಪೇಪರಿನವರಿಗೆ ಹಬ್ಬ. ಆ ಪ್ರತಿ ಎಲ್ಲಿದೆ, ಆ ಹೆಂಗಸು ಯಾರು ಎಂದು ದಿನಾ ಬರೆದರು.

ಫ್ಯಾರಂಟ್ ಪೇಪರು ಹಿಡಿದು ಮೇವಿಸ್ ಮೇಜಿನ ಹತ್ತಿರ ಬಂದ. ಮುಖ ಬಿಳುಚಿತ್ತು.

"ನಾವೊಂದು ತೊಳೆಸಿದ್ವಲ್ಲ ಮೇವಿಸ್, ಅದರಲ್ಲಿ ಯಾರ ಹೆಸರಿತ್ತು?"

ಇಷ್ಟು ವರ್ಷದಲ್ಲಿ ಅವಳು ಪುಸ್ತಕದ ವಿಷಯದಲ್ಲಿ ಅವನಿಗೆ ಸುಳ್ಳು ಹೇಳಿದವಳಲ್ಲ. ಹಾಳೆಯ ಮೂಲೆ ಮಡಿಸಿದ್ದರೂ ಪಟ್ಟಿಯಲ್ಲಿ ಬರೆಯುವವಳು.

"ಯಾರೋ ಮಾರ್ಜರಿ. ಅವನ ಸೋದರತ್ತೆ ಅಂತ ಕಾಣುತ್ತೆ, ಕ್ರಿಸ್‌ಮಸ್ ಶುಭಾಶಯ ಅಂತಿತ್ತು," ಎಂದಳು. ಫ್ಯಾರಂಟ್ ದೊಡ್ಡ ಉಸಿರು ಬಿಟ್ಟು ಕುರ್ಚಿಯಲ್ಲಿ ಕುಸಿದ.

ಮಧ್ಯಾಹ್ನ ಕೌಲಿ ಓಡೋಡಿ ಬಂದ, ಸೋದರತ್ತೆಯ ಮಾತನ್ನು ಫ್ಯಾರಂಟ್ ಅವನಿಗೂ ಒಪ್ಪಿಸಿದ. ಆ ಪ್ರತಿಗೆ ಎಷ್ಟಾದರೂ ಕೊಡುತ್ತಾನಂತೆ, ಬೇಕಾದರೆ ಒಂದು ಆಸ್ಪತ್ರೆಯನ್ನೇ ಮಾರುತ್ತಾನಂತೆ. ತನ್ನ ಬೀರುವಿನಲ್ಲಿ ಇರುವ ಪ್ರತಿ ಇನ್ನು ಯಾತಕ್ಕೂ ಬಾರದು, ಬರೀ ಸಹಿ ಇಟ್ಟುಕೊಂಡು ನೆಕ್ಕಬೇಕೇ ಎಂದು ಬೈದ. ಆಮೇಲೆ ಮೇಜಿನ ಮೇಲೆ ಬಗ್ಗಿ, ಪುದೀನದ ಉಸಿರು ಬಿಡುತ್ತ ಅಂದ:

"ಆಕೆ ಬದುಕಿದ್ರೆ ಇನ್ನೂ ಚೆಂದ ಕಣ್ರಿ. ಅವನ ಸಹಿ ಕೆಳಗೆ ಅವಳ ಕೈಲೂ ಒಂದು ಸಹಿ ಹಾಕಿಸಿಬಿಡಬಹುದು."

ಮೇವಿಸ್‌ಗೆ ಕಿಟಕಿ ಹಿಂದೆ ನಿಂತ ಹುಡುಗಿ ಕಂಡಳು, ಬಾಗಿಲಲ್ಲಿ ಉರಿಯುವ ಹನ್ನೊಂದು ಪುಸ್ತಕ ಕಂಡವು, ಬೆಂಕಿಯ ಪಕ್ಕದಲ್ಲಿ ಇವನೂ ಸಾಲಿನಲ್ಲಿ ನಿಂತು ಪೆನ್ನು ಚಾಚಿದಂತೆ ಕಂಡಿತು. ಅವನ ಮುಖದ ಮೇಲೆ ಉಗುಳುವಷ್ಟು ಸಿಟ್ಟು ಬಂತು. ಉಗುಳಲಿಲ್ಲ. ಪೆಟ್ಟಿಗೆ ಎಳೆದುಕೊಂಡು ಹೊಸ ಚೀಟಿ ತೆಗೆದಳು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದವರ ಗಾದೆ ಕೇಳಿದ್ದೇವೆ. ಈತ ಆ ಕೂಸಿನ ಮುಖವನ್ನು ತಾನೇ ದುಡ್ಡು ಕೊಟ್ಟು ಅಳಿಸಿಕೊಂಡು ಹೊರಟಿದ್ದ.

"ಸಿಗುತ್ತಾ?" ಎಂದ ಕೌಲಿ.

"ಸಿಗೋದಾದ್ರೆ ನಿಮ್ಮನೇಲೇ ಸಿಗಬೇಕು ಸಾರ್, ಬೇರೆಲ್ಲೂ ಸಿಗಲ್ಲ," ಎಂದಳು ಮೇವಿಸ್. ಅದನ್ನು ಆತ ಹಾರೈಕೆಯೆಂದೇ ತಿಳಿದು ಅವಳ ಕೈ ಕುಲುಕಿದ.

ಅವನು ಹೋದ ಮೇಲೆ ಅವಳು ಹಿಂದಿನ ಕೋಣೆಯಲ್ಲಿ ಕೈ ತೊಳೆದುಕೊಂಡು ಬಂದು ಚೀಟಿ ಬರೆದಳು. 'ಹಾರ್ಕರ್ ಬೀದಿಯ ಕೊಳೆ. ಗಾಡ್‌ಫ್ರಿ ಲಂಬ್. ಮೊದಲ ಮುದ್ರಣ, ಸಹಿ. ಹೆಸರು ಇರಲೇಬೇಕು.' ಅದನ್ನು ಅವನ ಹಳೆಯ ಚೀಟಿಯ ಹಿಂದೆಯೇ ಸೇರಿಸಿ ಪೆಟ್ಟಿಗೆ ಮುಚ್ಚಿದಳು.