ಹಸಿರು ಬಳೆಯ ಚೂರು

ಸಾಕ್ಷಿ ಕೆಲಸಕ್ಕೆ ಹೊರಡುವ ಮುಂಚೆ ಕೈಯ ಹಸಿರು ಬಳೆಗಳನ್ನೆಲ್ಲ ತೆಗೆದು ಕನ್ನಡಿಯ ಪಕ್ಕದ ಮೊಳೆಗೆ ಸಿಕ್ಕಿಸುತ್ತಿದ್ದಳು. ಇಚಲಕರಂಜಿಯ ಒಂದು ಮಗ್ಗದ ಕಾರಖಾನೆಯಲ್ಲಿ ಅವಳದು ನೂಲು ಸುತ್ತುವ ಕೆಲಸ. ಹೆರಿಗೆಗೆಂದು ಬಿಟ್ಟವಳು, ಮಗ ಅಭಯ ತೆವಳತೊಡಗಿದ ಮೇಲೆ ಮತ್ತೆ ಸೇರಿದ್ದಳು. ಗಂಡ ಯುವರಾಜ ಬೇರೊಂದು ಕಾರಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿ ಬಂದು ಹಗಲು ಮಲಗುವವ. ಕಣ್ಣು ತೆರೆದರೆ ಅವನಿಗೆ ಮೊದಲು ಕಾಣುವುದು ಆ ಬಳೆಗಳೇ.

"ಯಾರಿಗೆ ತೋರ್ಸಾಕ ಬರೇ ಕೈಲೆ ಹೋಗ್ತಿ?" ಎಂದು ಒಂದು ದಿನ ಕೇಳಿಯೇಬಿಟ್ಟ.

"ನೂಲಿಗೆ," ಎಂದಳು ಸಾಕ್ಷಿ. "ಬಳಿಗೆ ಸಿಕ್ಕರ ಎಳಿ ಹರೀತೈತಿ. ನಿಮಗ ನಾ ಹೇಳಿಕೊಡಬೇಕೇನ್ರಿ?"

ಅವನಿಗದು ಚೆನ್ನಾಗಿ ಗೊತ್ತು. ಗೊತ್ತಿದ್ದರೂ ಒಳಗೆ ಕುದಿಯಿತು. ಅವಳ ಸೂಪರ್‌ವೈಸರ್ ರೋಹನ ಚಹಾದಂಗಡಿಯಲ್ಲಿ ಎಲ್ಲರೆದುರು, ಸಾಕ್ಷಿ ತಿರುಗಿ ಬಂದ ಮೇಲೆ ಎಳೆ ಹರಿಯುವುದೇ ನಿಂತಿದೆ ಎಂದು ಹೊಗಳಿದ್ದ. ಮಗ್ಗದ ಸದ್ದಿಗೆ ಅರ್ಧ ಕಿವುಡಾದ ಯುವರಾಜನ ಬಗ್ಗೆ ಯಾರೂ ಎಂದೂ ಹಾಗೆ ಅಂದಿರಲಿಲ್ಲ. ಅದಕ್ಕಿಂತ ಹೆಚ್ಚು ಉರಿಯುತ್ತಿದ್ದದ್ದು ಸಂಜೆ. ಮಧ್ಯಾಹ್ನವೆಲ್ಲ ಅವನ ಎದೆಯ ಮೇಲೆ ಆಡಿದ ಕೂಸು, ಬಾಗಿಲಲ್ಲಿ ತಾಯಿಯ ಚಪ್ಪಲಿಯ ಸದ್ದಾದರೆ ಸಾಕು, ಅವನ ಕೈಯಿಂದ ಕೊಸರಿಕೊಂಡು ಅವಳತ್ತ ಹಾರುತ್ತಿತ್ತು.

ಬೇಸಿಗೆಯಲ್ಲಿ ಅಭಯನಿಗೆ ಭೇದಿ ಹತ್ತಿತು. ಸಾಕ್ಷಿ ಉಪ್ಪು ಸಕ್ಕರೆಯ ನೀರು ಕಲಸಿಟ್ಟು, ಚಮಚದಿಂದ ಕುಡಿಸುತ್ತಿರಿ, ನಿಲ್ಲದಿದ್ದರೆ ಫೋನು ಮಾಡಿರಿ, ದವಾಖಾನೆಗೆ ಒಯ್ಯೋಣ ಎಂದು ಹೇಳಿ ಹೋದಳು. ಮಧ್ಯಾಹ್ನದ ಹೊತ್ತಿಗೆ ಕೂಸಿನ ಕಣ್ಣು ಗುಳಿ ಬಿದ್ದವು. ಯುವರಾಜನ ತಾಯಿ ಮುದಕವ್ವ ಆ ನೀರನ್ನು ಬಚ್ಚಲಿಗೆ ಚೆಲ್ಲಿ ದೀಪ ಹಚ್ಚಿದಳು.

"ಕುಡಿಸಿದಷ್ಟೂ ಹೊರಗ ಹೊಕ್ಕೈತಿ. ಚುಟಿಗಿ ಹಾಕಬೇಕು. ಬಳಿ ಚೂರು ಕಾಸಿ ಹೊಕ್ಕಳ ಸುತ್ತ ಮುಟ್ಟಿಸಿದ್ರ ಸಂಜಿಕ ಆರಾಮ ಆಕ್ಕೈತಿ."

"ಸಾಕ್ಷಿಗೊಂದು ಮಾತ ಕೇಳೂನೇನಬೇ?"

"ನಿನಗ ಹಾಕುವಾಗ ನಾ ಯಾರಿಗೆ ಕೇಳಿದ್ನಿ? ನೀ ಸತ್ತಿಯೇನು? ತಾಯಿ ಕೈಯಾಗಿನ ಬಳಿ ಬಿಚ್ಚಿಟ್ಟು ಮಂದ್ಯಾಗ ತಿರಗಿದ್ರ ಕೂಸಿಗೆ ದೃಷ್ಟಿ ತಾಗದ ಇನ್ನೇನಾದೀತು."

ಫೋನು ಅವನ ಕೈಯಲ್ಲೇ ಇತ್ತು. ಕರೆದರೆ ಅವಳು ಓಡಿ ಬರುತ್ತಾಳೆ, ಏನು ಮಾಡಬೇಕೆಂದು ಅವಳಿಗೇ ಗೊತ್ತಿರುತ್ತದೆ, ಕೂಸು ಮತ್ತೆ ಅವಳನ್ನೇ ಅಪ್ಪಿಕೊಳ್ಳುತ್ತದೆ. ಕರೆಯದಿದ್ದರೆ? ಕೂಸು ಆರಾಮಾದರೆ ಹೆಸರು ತನಗೆ. ಜಡ್ಡು ಹೆಚ್ಚಾದರೆ ಅವಳು ಕೆಲಸ ಬಿಡುತ್ತಾಳೆ. ಆ ಯೋಚನೆ ಅವನಿಗೆ ಸಿಹಿಯಾಗಿ ಕಂಡಿತು. ಫೋನನ್ನು ಕಿಸೆಗೆ ಹಾಕಿದ. ಮೊಳೆಯಿಂದ ಒಂದು ಬಳೆ ತೆಗೆದು ತಾನೇ ಮುರಿದು ಕೊಟ್ಟ. ಕೂಸಿನ ಕಾಲುಗಳನ್ನು ಹಿಡಿದುಕೊಂಡವನೂ ಅವನೇ.

ಸಂಜೆ ಬಾಗಿಲಲ್ಲಿ ಚಪ್ಪಲಿಯ ಸದ್ದಾಯಿತು. ಕೂಸು ಹಾರಲಿಲ್ಲ.

ದವಾಖಾನೆಯಲ್ಲಿ ಡಾಕ್ಟರಬಾಯಿ ಅಂಗಿ ಎತ್ತಿ ನೋಡಿ, ಸುಟ್ಟವರು ಯಾರೆಂದು ಮರಾಠಿಯಲ್ಲಿ ಕೇಳಿದಳು. "ಹ್ಯಾ ಬಾಳಾಲಾ ಕುಣೀ ಡಾಗಲಂ?" ಮುದಕವ್ವ ನೆಲ ನೋಡಿದಳು. ಸಾಕ್ಷಿ ಗಂಡನನ್ನು ನೋಡಿದಳು.

"ಮೀ," ಎಂದ ಯುವರಾಜ. ನಾನು.

ಮೈಯ ನೀರು ಬತ್ತಿ ಕೂಸು ಸಾಯುವುದರಲ್ಲಿತ್ತು. ಅದಕ್ಕೆ ಬೇಕಾಗಿದ್ದದ್ದು ಅವರು ಬಚ್ಚಲಿಗೆ ಚೆಲ್ಲಿದ ನೀರು. ಬೆಂಕಿ ಹೊಟ್ಟೆಯೊಳಗಿನ ರೋಗವನ್ನು ಮುಟ್ಟುವುದಿಲ್ಲ, ತೊಗಲನ್ನು ಮಾತ್ರ ಸುಡುತ್ತದೆ. ಚುಟಿಗೆ ತಿಂದು ಬದುಕಿದವರು ತಮ್ಮ ಕಲೆ ತೋರಿಸಿ ಮಾತಾಡುತ್ತಾರೆ. ಸತ್ತ ಕೂಸುಗಳು ಏನು ಹೇಳಿಯಾವು? ಅದಕ್ಕೇ ಈ ಹಾಳು ಪದ್ಧತಿ ಇನ್ನೂ ಉಸಿರಾಡುತ್ತಿದೆ.

ಅಭಯ ಹೇಗೋ ಉಳಿದ. ಮನೆಗೆ ಬಂದ ದಿನವೇ ಮುದಕವ್ವ, ಇನ್ನಾದರೂ ಸೊಸೆ ಮನೆ ಹಿಡಿದು ಕೂಡಲಿ ಎಂದು ಶುರು ಮಾಡಿದಳು.

"ನಾ ಕೆಲಸಕ್ಕ ಹೋಗಿದ್ದಕ್ಕ ಕೂಸು ಸುಟ್ಟಿಲ್ಲರಿ ಅತ್ತಿ," ಎಂದಳು ಸಾಕ್ಷಿ. "ಮನ್ಯಾಗಿದ್ದವರು ಸುಟ್ಟೀರಿ." ಆಮೇಲೆ ಗಂಡನತ್ತ ತಿರುಗಿದಳು. "ನಾಳಿಂದ ಹೋಗಾಕಿ ನಾ. ಕೂಸು ಯಾರ ಕೈಯಾಗ ಕೊಡ್ಲಿ, ನೀವ ಹೇಳ್ರಿ."

ಅವನಿಗೆ ಕೈ ಚಾಚುವ ಧೈರ್ಯವಾಗಲಿಲ್ಲ. ಮರುದಿನದಿಂದ ಅವಳು ಕೂಸನ್ನು ಕಟ್ಟಿಕೊಂಡೇ ಹೋದಳು. ಮಷೀನುಗಳ ಗದ್ದಲದಲ್ಲಿ, ಹತ್ತಿಯ ಧೂಳಿನಲ್ಲಿ ಅದಕ್ಕೊಂದು ಸೀರೆಯ ಜೋಲಿ. ಮನೆಯಲ್ಲಿ ಯುವರಾಜನಿಗೆ ನಿದ್ದೆ ಹತ್ತಲಿಲ್ಲ. ಈಗ ಆ ಜೋಲಿಯ ಮೇಲೂ ಅವನಿಗೆ ಹೊಟ್ಟೆಕಿಚ್ಚು.

ಒಂದು ಮಧ್ಯಾಹ್ನ ಪಕ್ಕದ ಮನೆಯ ಕಾಂಚನ ಭೇದಿ ಹತ್ತಿದ ತನ್ನ ಮಗಳನ್ನು ಎತ್ತಿಕೊಂಡು ಮುದಕವ್ವನ ಹತ್ತಿರ ಬಂದಳು. ಮುದಕವ್ವ ದೀಪ ಹಚ್ಚಿ ಬಳೆಗೆ ಕೈ ಹಾಕಿದಳು. ಯುವರಾಜ ಎದ್ದು ಬಂದು ದೀಪ ಆರಿಸಿದ. ಅಂಗಿ ಎತ್ತಿ ತನ್ನ ಹೊಟ್ಟೆಯ ಹಳೆಯ ಕಲೆಗಳನ್ನು ಕಾಂಚನಳಿಗೆ ತೋರಿಸಿದ.

"ಇವು ನಮ್ಮವ್ವ ಹಾಕಿದ್ದು. ನನ್ನ ಮಗನ ಹೊಟ್ಟಿ ಮ್ಯಾಲಿನವು ನಾ ಹಾಕಿಸಿದ್ದು. ಇನ್ನ ಈ ಮನ್ಯಾಗ ಯಾರಿಗೂ ಹಾಕಗೊಡೂದಿಲ್ಲ. ನಡೀರಿ ಅಕ್ಕಾ, ದವಾಖಾನಿಗೆ."

"ಹೆಂಡ್ತಿ ಗುಲಾಮ ಆದಿ," ಎಂದಳು ತಾಯಿ.

"ಆಗ್ಲಿಬೇ," ಎಂದವನೇ ಕಾಂಚನಳ ಕೂಸನ್ನು ಎತ್ತಿಕೊಂಡು ಹೊರಬಿದ್ದ.

ಕಾಂಚನ ಇದನ್ನು ಸಾಕ್ಷಿಗೆ ಹೇಳದೆ ಇದ್ದಾಳೆಯೇ? ಮರುದಿನ ಬೆಳಿಗ್ಗೆ ಸಾಕ್ಷಿ ಬಳೆಗಳನ್ನು ಮೊಳೆಗೆ ಸಿಕ್ಕಿಸಿದಳು. ಜೋಲಿಯ ಸೀರೆಯನ್ನು ಮಡಚಿಟ್ಟು ಅಭಯನನ್ನು ಗಂಡನ ಕೈಗೆ ಕೊಟ್ಟಳು.

ಸಂಜೆ ಚಪ್ಪಲಿಯ ಸದ್ದಾಯಿತು. ಕೂಸು ಅವನ ತೋಳಲ್ಲಿ ಕೊಸರಾಡಿತು. ಯುವರಾಜನ ಎದೆ ಚುರ್ ಎಂದಿತು. ಆದರೂ ಅವನು ಬಾಗಿಲ ತನಕ ತಾನೇ ನಡೆದು ಹೋಗಿ, ಕೂಸು ತಾಯಿಯತ್ತ ಹಾರಲೆಂದು ಕೈ ಸಡಿಲ ಬಿಟ್ಟ.